ಶೀಟಿಗೆ ಎಂಎಂ, ನೆಟ್ಟಿಗೆ ಎಂಬಿಪಿಎಸ್

ಸೇಲಂ, ಧರ್ಮಪುರಿ ಜಿಲ್ಲೆಗಳಲ್ಲಿ ಹೊಸ ಮನೆ ಕಟ್ಟುವವರೂ ಹಳೆಯ ಮನೆಯ ಮೇಲೊಂದು ಕೋಣೆ ಏರಿಸುವವರೂ ಈಗ ಎರಡು ಪೇಟೆಗಳಲ್ಲಿ ಚೌಕಾಶಿ ಮಾಡಬೇಕಾಗಿದೆ. ಒಂದು ಛಾವಣಿಯ ಶೀಟಿನದು, ಇನ್ನೊಂದು ಇಂಟರ್ನೆಟ್ಟಿನದು. ಶೀಟಿನ ಅಂಗಡಿಯಲ್ಲಿ ಮಾತು ಶುರುವಾಗುವುದೇ ‘ಎಷ್ಟು ಎಂಎಂ ಬೇಕು?’ ಎಂಬಲ್ಲಿಂದ. ನೆಟ್ ಹಾಕಲು ಬರುವವರ ಮಾತು ಶುರುವಾಗುವುದು ‘ಎಷ್ಟು ಎಂಬಿಪಿಎಸ್ ಪ್ಲಾನ್?’ ಎಂಬಲ್ಲಿಂದ. ದರ ನಿಲ್ಲುವುದು ಈ ಎರಡು ಅಂಕಿಗಳ ಮೇಲೆ, ಪಕ್ಕದ ಮನೆಯವರೊಂದಿಗೆ ಹೋಲಿಕೆ ನಡೆಯುವುದೂ ಅವುಗಳ ಮೇಲೆಯೇ. ಆದರೆ ಶೀಟು ಎಷ್ಟು ವರ್ಷ ಬಾಳುತ್ತದೆ, ಅದರ ಕೆಳಗೆ ಏಪ್ರಿಲ್ ತಿಂಗಳಲ್ಲಿ ಮಲಗಲು ಆಗುತ್ತದೆಯೇ ಎಂಬುದನ್ನು ಎಂಎಂ ಹೇಳುವುದಿಲ್ಲ. ಮಗಳ ಆನ್‌ಲೈನ್ ಸಂದರ್ಶನ ನಡುವೆ ಕಡಿದುಹೋಗದೆ ಮುಗಿಯುತ್ತದೆಯೇ ಎಂಬುದನ್ನು ಎಂಬಿಪಿಎಸ್ ಹೇಳುವುದಿಲ್ಲ. ಹಣ ಹೋಗಬೇಕಾದದ್ದು ಕಣ್ಣಿಗೆ ಕಾಣದ ಕೆಲವು ಸಂಗತಿಗಳಿಗೆ. ಅದಕ್ಕಿಂತ ಮುಖ್ಯವಾಗಿ, ಛಾವಣಿ ಮತ್ತು ನೆಟ್ಟು ಬೇರೆ ಬೇರೆ ತಿಂಗಳ ಬೇರೆ ಬೇರೆ ಖರ್ಚುಗಳಲ್ಲ. ಶೀಟು ಮೇಲೇರುವ ಮುನ್ನವೇ ಎರಡನ್ನೂ ಒಟ್ಟಿಗೆ ಕೂತು ತೀರ್ಮಾನಿಸಬೇಕು ಎಂಬುದು ನನ್ನ ವಾದ.

ಈ ನೆಲಕ್ಕೆ ಲೋಹ ಹೊಸದಲ್ಲ. ಸೇಲಂ ಪಕ್ಕದ ಕಂಜಮಲೈ ಬೆಟ್ಟದಲ್ಲಿ ಕಬ್ಬಿಣದ ಅದಿರಿದೆ. ಯೇರ್ಕಾಡಿನ ಶೇರ್ವರಾಯನ್ ಬೆಟ್ಟಗಳ ಬಾಕ್ಸೈಟಿನಿಂದ ಮೆಟ್ಟೂರಿನ ಮದ್ರಾಸ್ ಅಲ್ಯೂಮಿನಿಯಂ ಕಂಪನಿ ದಶಕಗಳ ಕಾಲ ಅಲ್ಯೂಮಿನಿಯಂ ತೆಗೆದಿತ್ತು. ಸೇಲಂ ಉಕ್ಕಿನ ಕಾರ್ಖಾನೆಗೆ 1970ರಲ್ಲಿ ಅಡಿಗಲ್ಲು ಬಿತ್ತು. ಅದರ ಸ್ಟೇನ್‌ಲೆಸ್ ಸ್ಟೀಲ್ ದೇಶದ ಅಡುಗೆಮನೆಗಳನ್ನೆಲ್ಲ ಹೊಕ್ಕಿದೆ. ಮೆಟ್ಟೂರಿನ ದಾರಿಯ ಪೊಟ್ಟನೇರಿಯಲ್ಲಿ ಜೆಎಸ್‌ಡಬ್ಲ್ಯೂ ಕಾರ್ಖಾನೆ ಇದೆ, ಅಲ್ಲಿ ತಯಾರಾಗುವುದು ಮಿಶ್ರ ಉಕ್ಕಿನ ಸರಳು, ಕಂಬಿಗಳು. ಇಷ್ಟಿದ್ದೂ ಮನೆಯ ಮೇಲೆ ಹೊದಿಸುವ ಬಣ್ಣದ ಶೀಟು ಈ ಎರಡು ಕಾರ್ಖಾನೆಗಳ ಸರಕಲ್ಲ, ಅದು ಬೇರೆಡೆಯಿಂದ ಸುರುಳಿಯಾಗಿ ಬಂದು ಇಲ್ಲಿ ಅಚ್ಚಿಗೆ ಬೀಳುತ್ತದೆ. ಹಾಗಾಗಿ ಊರಿನ ಉಕ್ಕಿನ ಹೆಸರನ್ನು ನಂಬಿ ಶೀಟು ಕೊಳ್ಳುವಂತಿಲ್ಲ, ಶೀಟಿನ ಮೈಮೇಲೆ ಏನು ಬರೆದಿದೆ ಎಂದು ಓದಿಯೇ ಕೊಳ್ಳಬೇಕು. ಕೊಳ್ಳುವವರೂ ಒಂದೇ ಬಗೆಯವರಲ್ಲ. ಸೇಲಂ ನಗರದ ದೇವಾಂಗ ನೇಕಾರರು, ಎಳಂಪಿಳ್ಳೈ ಸುತ್ತಿನ ಮಗ್ಗದ ಶೆಡ್ಡುಗಳವರು, ಪೆನ್ನಾಗರಂ, ಮೆಟ್ಟೂರು ಕಡೆಯ ಕನ್ನಡ ಮಾತಿನ ಬೇಸಾಯದ ಮನೆಗಳು, ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಕ್ಕಳು ವಾರಕ್ಕೆರಡು ದಿನ ಊರಿನಿಂದಲೇ ಕೆಲಸ ಮಾಡಲೆಂದು ಮಾಳಿಗೆಯ ಮೇಲೆ ಶೀಟಿನ ಕೋಣೆ ಹಾಕಿಸುವ ಧರ್ಮಪುರಿಯ ತಂದೆತಾಯಿಗಳು. ಈ ಕೊನೆಯ ಮನೆಗಳಲ್ಲಂತೂ ಕೋಣೆ ಏಳುವುದೇ ನೆಟ್ಟಿಗಾಗಿ.

ಮೊದಲು ಶೀಟಿನ ಲೆಕ್ಕ ನೋಡೋಣ. ಉಕ್ಕಿನ ಶೀಟಿಗೆ ಆಯುಸ್ಸು ಕೊಡುವುದು ಅದರ ಮೇಲಿನ ಲೇಪನ. ಹಳೆಯ ಜಿಐ ಶೀಟಿಗೆ, ನಮ್ಮವರು ತಗಡು ಎನ್ನುವುದಕ್ಕೆ, ಸತುವಿನ ಲೇಪನ. ಈಗ ಹೆಚ್ಚು ಮಾರಾಟವಾಗುವ ಗಾಲ್ವಾಲ್ಯೂಮ್ ಶೀಟಿನಲ್ಲಿ ತೂಕದ ಲೆಕ್ಕಕ್ಕೆ ಶೇ 55ರಷ್ಟು ಅಲ್ಯೂಮಿನಿಯಂ, ಶೇ 43.4ರಷ್ಟು ಸತು, ಉಳಿದ ಶೇ 1.6 ಸಿಲಿಕಾನ್. ಅಮೆರಿಕದ ಬೆತ್ಲೆಹೆಮ್ ಸ್ಟೀಲ್ ಕಂಪನಿ 1972ರಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು. ಅಲ್ಯೂಮಿನಿಯಂ ಗಾಳಿಮಳೆಗೆ ಗೋಡೆಯಾಗಿ ನಿಲ್ಲುತ್ತದೆ, ಗೀರು ಬಿದ್ದಲ್ಲಿ ಸತು ತಾನು ಸವೆದು ಉಕ್ಕನ್ನು ಕಾಯುತ್ತದೆ. ಲೇಪನದ ಪ್ರಮಾಣವನ್ನು ಎಝೆಡ್ 150, ಎಝೆಡ್ 70 ಎಂಬ ಗುರುತಿನಲ್ಲಿ ಹೇಳುತ್ತಾರೆ. ಒಂದು ಚದರ ಮೀಟರ್ ಶೀಟಿನ ಎರಡೂ ಮುಖಕ್ಕೆ ಸೇರಿ ಅಷ್ಟು ಗ್ರಾಂ ಲೇಪನ ಎಂದರ್ಥ. 150 ಗ್ರಾಂ ಇದ್ದರೆ ಪ್ರತಿ ಮುಖಕ್ಕೂ ಸುಮಾರು 20 ಮೈಕ್ರಾನ್ ದಪ್ಪದ ಕವಚ ಸಿಗುತ್ತದೆ, 70 ಗ್ರಾಂ ಇದ್ದರೆ ಸಿಗುವುದು ಸುಮಾರು 9 ಮೈಕ್ರಾನ್ ಮಾತ್ರ. ಎರಡು ಶೀಟುಗಳನ್ನೂ ಒಂದೇ ಬಣ್ಣ ಬಳಿದು ಪಕ್ಕಪಕ್ಕ ನಿಲ್ಲಿಸಿದರೆ ಯಾರ ಕಣ್ಣಿಗೂ ವ್ಯತ್ಯಾಸ ತಿಳಿಯದು. ತುಕ್ಕಿನ ವಿಷಯಕ್ಕೆ ಬಂದರೆ ಒಂದರಲ್ಲಿ ಇನ್ನೊಂದರ ಎರಡರಷ್ಟು ರಕ್ಷಣೆ ಇದೆ. ಅಂಗಡಿಯಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಇದು, ಕೇಳದೆ ಉಳಿಯುವುದೂ ಇದೇ.

ಇನ್ನು ಎಂಎಂ ಎಂಬ ಅಂಕಿಯಲ್ಲೇ ಎರಡು ಬಗೆ ಇದೆ. ಉಕ್ಕಿನ ದಪ್ಪ ಮಾತ್ರ ಹೇಳುವುದು ಒಂದು ಬಗೆ, ಉಕ್ಕು, ಲೇಪನ, ಬಣ್ಣ ಎಲ್ಲ ಸೇರಿಸಿ ಹೇಳುವುದು ಇನ್ನೊಂದು. ಎರಡೂ ಕಡೆಯ 20 ಮೈಕ್ರಾನ್ ಲೇಪನವೇ 0.04 ಎಂಎಂ ಆಯಿತು, ಬಣ್ಣಕ್ಕೆ ಇನ್ನೂ ಸುಮಾರು 0.03 ಕೂಡುತ್ತದೆ. ಹೀಗಾಗಿ ಎಲ್ಲ ಸೇರಿ 0.50 ಎಂದು ಮಾರುವ ಶೀಟಿನಲ್ಲಿ ಉಕ್ಕು 0.43ರ ಆಸುಪಾಸು ಇರಬಹುದು. ಅಳೆಯಲು ಮೈಕ್ರೋಮೀಟರ್ ಬೇಕಿಲ್ಲ, ತಕ್ಕಡಿ ಸಾಕು. 1220 ಮಿಲಿಮೀಟರ್ ಅಗಲದ ಸುರುಳಿಯಿಂದ ಒತ್ತಿದ 10 ಅಡಿ ಉದ್ದದ ಶೀಟಿನಲ್ಲಿ ಉಕ್ಕು ನಿಜವಾಗಿ 0.45 ಎಂಎಂ ಇದ್ದರೆ ಅದು 14 ಕಿಲೋ ಹತ್ತಿರ ತೂಗಬೇಕು. 0.35 ಇದ್ದರೆ 11 ಕಿಲೋದಲ್ಲೇ ನಿಲ್ಲುತ್ತದೆ. ಸಾಮಾನು ಇಳಿಸುವ ದಿನ ಒಂದೆರಡು ಶೀಟು ತೂಗಿ ನೋಡುವುದಕ್ಕೆ ಯಾವ ಅಂಗಡಿಯವರೂ ಬೇಸರಪಡಬೇಕಾಗಿಲ್ಲ. ಬೇಸರಪಟ್ಟರೆ ಅದೂ ಒಂದು ಉತ್ತರವೇ. ತೆಳುವಾದ ಶೀಟಿನ ಮೇಲೆ ಟ್ಯಾಂಕ್ ರಿಪೇರಿಗೋ ಡಿಶ್ ತಿರುಗಿಸುವುದಕ್ಕೋ ಒಬ್ಬರು ಹತ್ತಿದರೆ ತಗ್ಗು ಬೀಳುತ್ತದೆ, ಆ ತಗ್ಗಿನಲ್ಲಿ ನೀರು ನಿಲ್ಲುತ್ತದೆ, ತುಕ್ಕು ಶುರುವಾಗುವುದು ಅಲ್ಲಿಂದಲೇ.

ಒಳ್ಳೆಯ ಶೀಟನ್ನೂ ಕೆಟ್ಟ ಕೆಲಸ ಕೆಡಿಸುತ್ತದೆ, ಮತ್ತು ಇಲ್ಲಿಯೇ ಛಾವಣಿಯ ಲೆಕ್ಕ ನೆಟ್ಟಿನ ಲೆಕ್ಕಕ್ಕೆ ತಗಲುತ್ತದೆ. ಗಾಲ್ವಾಲ್ಯೂಮ್ ಲೇಪನಕ್ಕೆ ಕೆಲವು ಶತ್ರುಗಳಿದ್ದಾರೆ. ಹಸಿ ಸಿಮೆಂಟಿನ ಕ್ಷಾರ ಅಲ್ಯೂಮಿನಿಯಂ ತಿನ್ನುತ್ತದೆ. ದನದ ಕೊಟ್ಟಿಗೆ, ಕೋಳಿ ಫಾರಂಗಳ ಅಮೋನಿಯಾ ಕೂಡ ಹಾಗೆಯೇ. ಕೊಟ್ಟಿಗೆಯ ಮೇಲೆ ಮನೆಯ ಶೀಟನ್ನೇ ಮುಂದುವರಿಸುವ ರೈತರು ಇದನ್ನು ಗಮನಿಸಬೇಕು. ಮೆಟ್ಟೂರಿನ ರಾಸಾಯನಿಕ ಕಾರ್ಖಾನೆ ಮತ್ತು ಶಾಖೋತ್ಪನ್ನ ವಿದ್ಯುತ್ ಸ್ಥಾವರದ ಗಾಳಿ ಬೀಸುವ ಕಡೆ ಹಗುರ ಲೇಪನದ ಶೀಟು ಹಾಕುವುದು ಹಣ ಕಳೆದುಕೊಂಡಂತೆ. ತಾಮ್ರ ಮತ್ತೊಂದು ಶತ್ರು: ತಾಮ್ರದ ತಂತಿ ಶೀಟಿಗೆ ತಾಗಿದ್ದು ಮಳೆನೀರು ಬಿದ್ದರೆ ತಾಮ್ರ ಉಳಿಯುತ್ತದೆ, ಲೇಪನ ಸವೆಯುತ್ತದೆ. ಆಂಟೆನಾಗೆ ಅರ್ಥಿಂಗ್ ಕೊಡಲು ಬರಿಯ ತಾಮ್ರದ ತಂತಿಯನ್ನು ಶೀಟಿನ ಮೇಲೆ ಎಳೆದರೆ ಆಗುವುದು ಇದೇ. ಕೇಬಲ್‌ನವರು ಡ್ರಿಲ್ ಹಾಕಿದಾಗ ಉದುರುವ ಕಬ್ಬಿಣದ ಪುಡಿ ಶೀಟಿನ ಮೇಲೆ ಉಳಿದರೆ ಕೆಲವೇ ದಿನಗಳಲ್ಲಿ ಕೆಂಪು ಚುಕ್ಕೆಗಳು ಏಳುತ್ತವೆ, ಶೀಟೇ ತುಕ್ಕು ಹಿಡಿಯಿತೆಂದು ಮನೆಯವರು ಅಂಗಡಿಗೆ ಓಡುತ್ತಾರೆ. ಗ್ರೈಂಡರ್ ಹಚ್ಚಿ ಶೀಟು ಕತ್ತರಿಸುವುದು ಇನ್ನೂ ಕೆಟ್ಟದ್ದು: ಕಿಡಿ ಬಿದ್ದಲ್ಲೆಲ್ಲ ಬಣ್ಣವೂ ಲೇಪನವೂ ಸುಡುತ್ತವೆ. ಕತ್ತರಿಯಲ್ಲೇ ಕತ್ತರಿಸಬೇಕು, ಕೆಲಸ ಮುಗಿದ ಸಂಜೆ ಮೃದುವಾದ ಪೊರಕೆಯಲ್ಲಿ ಗುಡಿಸಬೇಕು. ಛಾವಣಿ ಮುಗಿದ ಮೇಲೆ ನೆಟ್ ಹಾಕಿಸಿದರೆ ಈ ಪ್ರತಿಯೊಂದು ಅಪಾಯವೂ ಎರಡನೇ ಸಲ ಮನೆಗೆ ಬರುತ್ತದೆ, ಆ ಹೊತ್ತಿಗೆ ನೋಡಿಕೊಳ್ಳಲು ಫ್ಯಾಬ್ರಿಕೇಟರ್ ಇರುವುದಿಲ್ಲ. ಗೋಡೆ ಏಳುವಾಗಲೇ ನೆಟ್ಟಿನ ಕೇಬಲ್ಲಿಗೊಂದು ಪಿವಿಸಿ ಪೈಪ್ ಹೂತು, ಒಳಗೆ ಎಳೆಯುವ ತಂತಿ ಬಿಟ್ಟಿದ್ದರೆ ಶೀಟಿಗೆ ಒಂದೂ ತೂತು ಬೇಕಾಗುವುದಿಲ್ಲ.

ಬಿಸಿಲಿನ ವಿಷಯಕ್ಕೆ ಸ್ವಲ್ಪ ಹೆಚ್ಚು ಜಾಗ ಕೊಡಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಸೇಲಂ ಪಾದರಸ 40 ಡಿಗ್ರಿ ದಾಟುವುದು ಈಗ ಸುದ್ದಿಯೇ ಅಲ್ಲ. ನಡುಹಗಲಿನ ಬಿಸಿಲು ಒಂದು ಚದರ ಮೀಟರಿಗೆ 900 ವಾಟಿನಷ್ಟು ಬೀಳುತ್ತದೆ ಎಂದಿಟ್ಟುಕೊಳ್ಳಿ. ಹತ್ತಕ್ಕೆ ಹನ್ನೆರಡು ಅಡಿಯ ಕೋಣೆಯ ಮೇಲಿನ ಶೀಟು ಕಡುಗೆಂಪು ಅಥವಾ ಕಡುನೀಲಿಯಾಗಿದ್ದರೆ ಅದರಲ್ಲಿ ಸುಮಾರು 8 ಕಿಲೋವಾಟ್ ಹೀರುತ್ತದೆ, ಬಿಳಿಯಾಗಿದ್ದರೆ 3ರ ಹತ್ತಿರ. ಹೀರಿದ್ದೆಲ್ಲ ಕೋಣೆಗೆ ಇಳಿಯುವುದಿಲ್ಲ, ಒಂದು ಪಾಲು ಗಾಳಿಗೂ ಆಕಾಶಕ್ಕೂ ಹೋಗುತ್ತದೆ. ಆದರೂ ಈ ವ್ಯತ್ಯಾಸಕ್ಕೆ ಅಂಗಡಿಯಲ್ಲಿ ಹೆಚ್ಚುಕಡಿಮೆ ಏನೂ ಬೆಲೆಯಿಲ್ಲ, ಬಿಳಿಗೂ ಕೆಂಪಿಗೂ ದರ ಸರಿಸುಮಾರು ಒಂದೇ. ಬಣ್ಣ ಬಳಿಯದ ಬೆಳ್ಳಿ ಶೀಟು ಹೊಳೆಯುವುದರಿಂದ ತಂಪಾಗಿರುತ್ತದೆ ಎಂಬ ನಂಬಿಕೆ ಇದೆ. ಅದು ಬಿಸಿಲನ್ನು ಚೆನ್ನಾಗಿ ಹಿಂದಿರುಗಿಸುತ್ತದೆ ನಿಜ, ಆದರೆ ಒಮ್ಮೆ ಕಾದರೆ ಆ ಕಾವನ್ನು ಬೇಗ ಬಿಟ್ಟುಕೊಡುವ ಗುಣ ಹೊಳೆಯುವ ಲೋಹಕ್ಕಿಲ್ಲ, ಬಿಳಿ ಬಣ್ಣಕ್ಕಿದೆ. ತೆಲಂಗಾಣ 2023ರಲ್ಲಿ ತಂಪು ಛಾವಣಿಗೆಂದೇ ಐದು ವರ್ಷದ ನೀತಿ ತಂದದ್ದು ಈ ವಿಜ್ಞಾನದ ಮೇಲೆಯೇ. ಇಷ್ಟಾದರೂ ಹೆಂಚಿನ ಮನೆಯ ನೆನಪಿಗೆ ಹತ್ತಿರವೆಂದು ಇಟ್ಟಿಗೆ ಕೆಂಪನ್ನೇ ಆರಿಸುವವರು ಬಹಳ. ಆ ಮನಸ್ಸು ನನಗೆ ಅರ್ಥವಾಗುತ್ತದೆ. ಆದರೆ ಹೆಂಚಿನ ಸಂದುಗಳಲ್ಲಿ ಗಾಳಿಯಾಡುತ್ತಿತ್ತು, ಮಣ್ಣು ನಿಧಾನವಾಗಿ ಕಾಯುತ್ತಿತ್ತು. ಅರ್ಧ ಎಂಎಂ ಉಕ್ಕಿನಿಂದ ಆ ಕೆಲಸ ಆಗದು. ಶೀಟಿನ ಕೆಳಗೆ ಬಬಲ್ ಶೀಟು ಹಾಕುವವರೂ ಒಂದು ಮಾತು ತಿಳಿದಿರಬೇಕು: ಅದರ ಹೊಳೆಯುವ ಮೈ ಕೆಲಸ ಮಾಡುವುದು ಮುಂದೆ ಗಾಳಿಯ ಸಂದು ಇದ್ದಾಗ ಮಾತ್ರ. ಶೀಟಿಗೂ ಸೀಲಿಂಗಿಗೂ ನಡುವೆ ಒತ್ತಿ ಹಿಡಿದರೆ ಕೊಟ್ಟ ಹಣದ ಬಹುಪಾಲು ವ್ಯರ್ಥ. ಕೈಯಲ್ಲಿ ಸ್ವಲ್ಪ ಹಣವಿದ್ದವರಿಗೆ ಪಫ್ ಪ್ಯಾನೆಲ್ ಒಳ್ಳೆಯದು. ಎರಡು ತಗಡಿನ ನಡುವಿನ ಆ ಪಾಲಿಯುರಿಥೇನ್ ನೊರೆ ಕಾವನ್ನೂ ತಡೆಯುತ್ತದೆ, ಮಳೆಯ ಸದ್ದನ್ನೂ ತಗ್ಗಿಸುತ್ತದೆ. ಮಗ್ಗದ ಮನೆಗೆ ಇದು ಇನ್ನೂ ಮುಖ್ಯ. ಒಣ ಕಾವಿನಲ್ಲಿ ರೇಷ್ಮೆಯ ಎಳೆ ಬಿರುಸಾಗಿ ಕಡಿಯುತ್ತದೆ, ಬರಿಯ ಶೀಟಿನ ಕೆಳಗೆ ಕೂತ ನೇಕಾರರ ಕೂಲಿ ಕಡಿಯುವುದೂ ಅಲ್ಲಿಯೇ.

ಮನುಷ್ಯರಿಗೆ ತಾಳಲಾಗದ ಈ ಕಾವು ಯಂತ್ರಕ್ಕೂ ತಾಳದು. ಮನೆಗೆ ಕೊಡುವ ರೌಟರ್, ಫೈಬರ್ ಬಂದು ಸೇರುವ ಓಎನ್‌ಟಿ ಪೆಟ್ಟಿಗೆ, ಇವುಗಳ ಕೈಪಿಡಿ ತೆರೆದು ನೋಡಿದರೆ ಸಾಮಾನ್ಯವಾಗಿ 0ಯಿಂದ 40 ಡಿಗ್ರಿಯವರೆಗೆ ಕೆಲಸ ಮಾಡಲು ತಯಾರಾದವು ಎಂದಿರುತ್ತದೆ. ಶೀಟಿನ ಕೋಣೆಯಲ್ಲಿ ಅತಿ ಹೆಚ್ಚು ಕಾಯುವುದು ಮೇಲಿನ ಎರಡಡಿ ಗಾಳಿ. ಮಕ್ಕಳ ಕೈಗೆ ಸಿಗಬಾರದೆಂದೋ ಸಿಗ್ನಲ್ ಚೆನ್ನಾಗಿ ಹರಡಲೆಂದೋ ರೌಟರನ್ನು ಹೊಡೆಯುವುದು ಅಲ್ಲಿಗೇ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ನೆಟ್ ತಡವರಿಸುತ್ತದೆ, ಸಂಜೆ ತಾನಾಗಿ ಸರಿಹೋಗುತ್ತದೆ ಎಂದರೆ ಕಂಪನಿಗೆ ಫೋನ್ ಮಾಡುವ ಮುನ್ನ ಪೆಟ್ಟಿಗೆಯನ್ನು ಮುಟ್ಟಿ ನೋಡುವುದು ಒಳ್ಳೆಯದು. ಬಾಗಿಲಿನ ಮಧ್ಯದ ಎತ್ತರದಲ್ಲಿ, ಪಶ್ಚಿಮದ ಗೋಡೆ ಬಿಟ್ಟು ಬೇರೆ ಗೋಡೆಗೆ, ಗಾಳಿಯಾಡುವ ಕಡೆ ಕೂರಿಸಿದರೆ ಇದರಲ್ಲಿ ಅರ್ಧ ತೊಂದರೆ ಕಳೆಯುತ್ತದೆ. ವೇಗದ ಪ್ಲಾನ್ ಬದಲಿಸಿದರೆ ಕಳೆಯುವುದಿಲ್ಲ. ಒಂದು ಒಳ್ಳೆಯ ವಿಡಿಯೊ ಕರೆಗೆ 3–4 ಎಂಬಿಪಿಎಸ್ ಸಾಕು. ನಾಲ್ವರು ಒಟ್ಟಿಗೆ ಕೂತರೂ, ಇನ್ನೊಬ್ಬರು ಸಿನಿಮಾ ನೋಡಿದರೂ 50 ಎಂಬಿಪಿಎಸ್ ಪ್ಲಾನ್ ತುಂಬುವುದಿಲ್ಲ. 50 ಸಾಲದೆಂದು 200ಕ್ಕೆ ಹೋಗುವ ಮನೆಗಳಲ್ಲಿ ತೊಂದರೆ ಇರುವುದು ರೌಟರ್ ಕೂತ ಜಾಗದಲ್ಲೋ ಗೋಡೆಯ ದಪ್ಪದಲ್ಲೋ ಬಾಗಿದ ಕೇಬಲ್ಲಿನಲ್ಲೋ. ಕರೆಂಟು ಹೋದಾಗ ನೆಟ್ಟೂ ಹೋಗುತ್ತದೆ ಎಂಬ ದೂರಿಗೂ ವೇಗದಲ್ಲಿ ಪರಿಹಾರವಿಲ್ಲ. 12 ವೋಲ್ಟಿನ ಸಣ್ಣ ಯುಪಿಎಸ್ ಇದ್ದರೆ ಎರಡು ಪೆಟ್ಟಿಗೆಗಳೂ ಕೆಲವು ಗಂಟೆ ಉಸಿರಾಡುತ್ತವೆ.

ಎಂಬಿಪಿಎಸ್ ಬದಲು ಕೇಳಬೇಕಾದ ಅಂಕಿ ಬೇರೆ ಇದೆ. ಫೈಬರ್ ಎಂದರೆ ಬೆಳಕು. ಮನೆಯ ಪೆಟ್ಟಿಗೆಗೆ ಎಷ್ಟು ಬೆಳಕು ಮುಟ್ಟುತ್ತಿದೆ ಎಂಬುದನ್ನು ಡಿಬಿಎಂ ಎಂಬ ಅಳತೆಯಲ್ಲಿ ಹೇಳುತ್ತಾರೆ. ಮನೆಗಳಿಗೆ ಸಾಮಾನ್ಯವಾಗಿ ಕೊಡುವ ಜಿಪಾನ್ ಬಗೆಯ ಫೈಬರ್ ಸಂಪರ್ಕದಲ್ಲಿ ಅದು ಮೈನಸ್ 8ರಿಂದ ಮೈನಸ್ 27ರ ನಡುವೆ ಇರಬೇಕು. ಮೈನಸ್ 26ರಲ್ಲಿ ನಿಂತ ಸಂಪರ್ಕ ಇವತ್ತು ನಡೆಯುತ್ತದೆ, ನಾಳೆ ಒಂದು ಬಾಗು ಬಿದ್ದರೆ ಕೆಂಪು ದೀಪ ಉರಿಯುತ್ತದೆ. ಹಾಕಲು ಬಂದವರ ಕೈಯಲ್ಲೇ ಮೀಟರ್ ಇರುತ್ತದೆ, ಆ ಅಂಕಿಯನ್ನು ಕೇಳಿ ಬರೆದಿಟ್ಟುಕೊಂಡರೆ ಮುಂದೆ ತಕರಾರು ಬಂದಾಗ ಹೋಲಿಸಲು ಆಧಾರ ಸಿಗುತ್ತದೆ. ಬೀದಿಯ ಕಂಬದ ಒಂದೇ ಸ್ಪ್ಲಿಟರ್‌ನಿಂದ 32 ಅಥವಾ 64 ಮನೆಗಳಿಗೆ ಬೆಳಕು ಹಂಚಿಹೋಗುತ್ತದೆ, ಪ್ರತಿ ಹಂಚಿಕೆಯಲ್ಲೂ ಪ್ರತಿ ಜೋಡಣೆಯಲ್ಲೂ ಸ್ವಲ್ಪ ಕಳೆಯುತ್ತದೆ. ಶೀಟಿನ ಅಂಚಿನ ಮೇಲೆ ಹಾಯಿಸಿದ ಕೇಬಲ್ ಗಾಳಿಗೆ ಉಜ್ಜುತ್ತ ಉಜ್ಜುತ್ತ ಸಿಪ್ಪೆ ಕಳೆದುಕೊಳ್ಳುತ್ತದೆ. ಅದನ್ನು ಶೀಟಿನ ಸ್ಕ್ರೂಗೆ ಕಟ್ಟಲು ಬಿಡಬಾರದು, ಗೋಡೆಯ ಕೊಕ್ಕೆಗೆ ಕಟ್ಟಿಸಬೇಕು.

ಶೀಟು ಹೊದಿಸಿದರೆ ಫೋನಿನ ಸಿಗ್ನಲ್ ಸಾಯುತ್ತದೆ ಎಂಬ ಮಾತು ಎಲ್ಲ ಕಡೆಯೂ ಕೇಳುತ್ತದೆ. ಅದು ಅರ್ಧ ಸತ್ಯ. ಲೋಹ ರೇಡಿಯೊ ಅಲೆಗಳನ್ನು ದಾಟಗೊಡುವುದಿಲ್ಲ ಎಂಬುದು ಖಂಡಿತ. ಉಕ್ಕು ಹಾಗಿರಲಿ, ಮೊಬೈಲ್ ಅಲೆಗಳನ್ನು ತಡೆಯಲು ಆ 20 ಮೈಕ್ರಾನ್ ಲೇಪನವೊಂದೇ ಸಾಕು. ಆದರೆ ಟವರಿನ ಅಲೆ ತಲೆಯ ಮೇಲಿಂದ ಇಳಿಯುವುದಿಲ್ಲ, ಓರೆಯಾಗಿ ಬದಿಯಿಂದ ಬರುತ್ತದೆ. ಇಟ್ಟಿಗೆ ಗೋಡೆ, ದೊಡ್ಡ ಕಿಟಕಿ ಇರುವ ಮನೆಗೆ ಶೀಟಿನ ಛಾವಣಿಯಿಂದ ಆಗುವ ನಷ್ಟ ಕಡಿಮೆ. ಗೋಡೆಯೂ ಶೀಟಿನದೇ ಆದ ಮಾಳಿಗೆ ಕೋಣೆ, ಮಗ್ಗದ ಶೆಡ್ಡು, ಅಂಗಡಿಗಳಲ್ಲಿ ಮಾತ್ರ ಒಳಗೆ ಹೆಜ್ಜೆ ಇಟ್ಟೊಡನೆ ಫೋನು ಮೂಕವಾಗುತ್ತದೆ. ಅಲ್ಲಿಯೂ ಒಳಗಿನ ವೈಫೈಗೆ ಅಡ್ಡಿಯಿಲ್ಲ, ಏಕೆಂದರೆ ರೌಟರೂ ಫೋನೂ ಒಂದೇ ಸೂರಿನ ಕೆಳಗಿವೆ. ಫೋನಿನಲ್ಲಿ ವೈಫೈ ಕಾಲಿಂಗ್ ತೆರೆದರೆ ಮಾತೂ ನೆಟ್ಟಿನ ಮೇಲೆಯೇ ಹೋಗುತ್ತದೆ. ಏರ್‌ಟೆಲ್ 2019ರ ಕೊನೆಗೆ, ಜಿಯೋ 2020ರ ಆರಂಭಕ್ಕೆ ಈ ಸೌಲಭ್ಯ ಕೊಟ್ಟವು. ಇದು ತಿಳಿಯದೆ ಆನ್‌ಲೈನಿನಲ್ಲಿ ಸಿಗ್ನಲ್ ಬೂಸ್ಟರ್ ತರಿಸಿ ಛಾವಣಿಗೆ ಹಾಕುವವರಿದ್ದಾರೆ. ಅನುಮತಿಯಿಲ್ಲದೆ ಅಂಥ ಯಂತ್ರ ಹಾಕುವುದು ಕಾನೂನಿಗೆ ವಿರುದ್ಧ, ಜತೆಗೆ ಬೀದಿಯ ಉಳಿದವರ ಸಿಗ್ನಲ್ಲನ್ನೂ ಕೆಡಿಸುತ್ತದೆ. ಗೋಡೆಯ ಕಡೆ ಒಂದು ಎಫ್‌ಆರ್‌ಪಿ ಪಾರದರ್ಶಕ ಶೀಟು ಸೇರಿಸಿದರೆ ಬೆಳಕೂ ಬರುತ್ತದೆ, ಅಲೆಯೂ ಬರುತ್ತದೆ. ಇದನ್ನು ಶೀಟಿನ ಆರ್ಡರ್ ಕೊಡುವ ದಿನವೇ ಯೋಚಿಸಬೇಕು, ಆಮೇಲೆ ಕತ್ತರಿಸಿ ಸೇರಿಸಿದರೆ ಸೋರುವುದು ಖಚಿತ.

ಫೈಬರಿಗಾಗಿ ಏಕೆ ಕಾಯಬೇಕು, ಏರ್‌ಫೈಬರ್ ಎರಡೇ ದಿನದಲ್ಲಿ ಬರುತ್ತದಲ್ಲ ಎಂದು ಕೇಳಬಹುದು. 2023ರಲ್ಲಿ ಏರ್‌ಟೆಲ್, ಜಿಯೋ ಎರಡೂ ಮೇಲ್ಛಾವಣಿಯ ಪೆಟ್ಟಿಗೆಯ ಮೂಲಕ 5ಜಿ ನೆಟ್ ಕೊಡಲು ಆರಂಭಿಸಿದವು. ಸಿತ್ತೇರಿ, ವತ್ತಲ್‌ಮಲೈ, ಪಾಲಮಲೈ, ಕಲ್ವರಾಯನ್ ಬೆಟ್ಟಗಳ ಮೇಲಿನ ಊರುಗಳಂಥ ಕಡೆ ಕಂಬದಿಂದ ಕಂಬಕ್ಕೆ ಫೈಬರ್ ಎಳೆಯುವುದು ಸುಲಭವಲ್ಲ, ಅಲ್ಲಿ ಅಲೆಯೇ ದಾರಿ. ಬಿಎಸ್‌ಎನ್‌ಎಲ್ 2025ರ ಸೆಪ್ಟೆಂಬರಿನಲ್ಲಿ ಸ್ವದೇಶಿ ತಂತ್ರಜ್ಞಾನದ 4ಜಿ ಆರಂಭಿಸಿದ್ದು ಇಂಥ ಊರುಗಳಿಗೆ ಆಸೆ ಹುಟ್ಟಿಸುವ ಸಂಗತಿ. ಬಯಲಿನ ಊರುಗಳ ಮಾತು ಬೇರೆ. ತಮಿಳುನಾಡು ಫೈಬರ್‌ನೆಟ್ ನಿಗಮ ಭಾರತ್‌ನೆಟ್ ಯೋಜನೆಯಡಿ ರಾಜ್ಯದ 12,525 ಗ್ರಾಮ ಪಂಚಾಯಿತಿಗಳಿಗೆ 1 ಜಿಬಿಪಿಎಸ್ ಸಂಪರ್ಕ ಕೊಡುವ ಕೆಲಸ ಹಿಡಿದಿದೆ. ಊರಿನ ಕೇಬಲ್‌ನವರು ಬಿಎಸ್‌ಎನ್‌ಎಲ್ ಫೈಬರನ್ನೋ ಖಾಸಗಿ ಫೈಬರನ್ನೋ ಬೀದಿಗೆ ತಂದಿರುತ್ತಾರೆ. ಬೀದಿಯಲ್ಲಿ ಫೈಬರ್ ಇರುವಾಗ ಅಲೆಯ ನೆಟ್ ಹಾಕಿಸುವುದು ನನಗೆ ಒಪ್ಪಿಗೆಯಿಲ್ಲ. ಟವರಿನ ಸಾಮರ್ಥ್ಯವನ್ನು ಸುತ್ತಲಿನ ಫೋನುಗಳೊಂದಿಗೆ ಹಂಚಿಕೊಳ್ಳಬೇಕು, ಸಂಜೆಯ ಹೊತ್ತಿಗೆ ಅದು ತೆಳುವಾಗುತ್ತದೆ, ಕಳಿಸುವ ವೇಗವಂತೂ ಇನ್ನೂ ಕಡಿಮೆ. ಸೀರೆಯ ಹತ್ತಾರು ಚಿತ್ರಗಳನ್ನು, ವಿಡಿಯೊಗಳನ್ನು ವ್ಯಾಪಾರಿಗೆ ಕಳಿಸುವ ನೇಕಾರರ ಮನೆಗೆ ಬೇಕಾದದ್ದು ಕಳಿಸುವ ವೇಗವೇ. ಏರ್‌ಫೈಬರ್ ಅನಿವಾರ್ಯವಾದರೆ ಅದರ ಕಂಬವನ್ನು ಗೋಡೆಗೆ ಕೂರಿಸಬೇಕು, ಶೀಟಿಗೆ ಅಥವಾ ರಿಡ್ಜಿಗೆ ಕೂರಿಸಬಾರದು. ಬೇಸಿಗೆಯ ಸಂಜೆಗಳ ಬಿರುಗಾಳಿ ಶೀಟಿನ ಅಂಚು, ಮೂಲೆಗಳನ್ನೇ ಮೊದಲು ಎತ್ತುವುದು. ಅಲ್ಲೊಂದು ಕಂಬ ಅಲುಗಾಡುತ್ತಿದ್ದರೆ ಸ್ಕ್ರೂಗಳು ಸಡಿಲಾಗುವುದು ಮಾತ್ರ ಉಳಿದಿರುತ್ತದೆ.

ಸಿಡಿಲಿನ ಭಯವನ್ನು ಅಲ್ಲಗಳೆಯಲಾಗದು, ಮುಂಗಾರು ಪೂರ್ವದ ಸಿಡಿಲು ಈ ಸೀಮೆಗೆ ಚೆನ್ನಾಗಿ ಗೊತ್ತು. ಆದರೆ ಲೋಹದ ಛಾವಣಿ ಸಿಡಿಲನ್ನು ಕರೆಯುತ್ತದೆ ಎಂಬುದು ಸರಿಯಲ್ಲ. ಸಿಡಿಲು ನೋಡುವುದು ಎತ್ತರವನ್ನು, ಒಂಟಿಯಾಗಿ ನಿಂತಿರುವುದನ್ನು. ನಿಜವಾದ ಅಪಾಯ ತಂತಿಗಳಲ್ಲಿದೆ. ದೂರದಲ್ಲಿ ಬಿದ್ದ ಸಿಡಿಲೂ ಕರೆಂಟಿನ ಲೈನಿನಲ್ಲಿ, ಹೊರಗಿನ ಪೆಟ್ಟಿಗೆಯಿಂದ ಒಳಗೆ ಬರುವ ತಾಮ್ರದ ಲ್ಯಾನ್ ಕೇಬಲ್ಲಿನಲ್ಲಿ ಏರೊತ್ತಡ ತಂದು ರೌಟರ್, ಟಿವಿ, ಲ್ಯಾಪ್‌ಟಾಪ್ ಎಲ್ಲವನ್ನೂ ಸುಡಬಲ್ಲದು. ಫೈಬರಿನ ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ ಎಂಬುದು ಫೈಬರ್ ಪರವಾದ ಮತ್ತೊಂದು ದೊಡ್ಡ ಕಾರಣ. ಅದನ್ನು ಹೊತ್ತ ಉಕ್ಕಿನ ತಂತಿಯನ್ನು ಮಾತ್ರ ಗೋಡೆಯ ಹೊರಗೇ ನಿಲ್ಲಿಸಬೇಕು. ಶೀಟು ಹೊತ್ತ ಕಬ್ಬಿಣದ ಚೌಕಟ್ಟನ್ನು ಜಿಐ ಪಟ್ಟಿಯ ಮೂಲಕ ಭೂಮಿಗೆ ಸೇರಿಸಿ, ಮನೆಯ ಅರ್ಥಿಂಗಿನೊಂದಿಗೆ ಕೂಡಿಸುವುದು ಎಲೆಕ್ಟ್ರಿಷಿಯನ್ನಿಗೆ ಒಂದು ದಿನದ ಕೆಲಸ. ಟ್ರಸ್ ವೆಲ್ಡಿಂಗ್ ನಡೆಯುವಾಗಲೇ ಮಾಡಿಸಿದರೆ ಇನ್ನೂ ಹಗುರ.

ಇಷ್ಟೆಲ್ಲ ಏಕೆ, ತಾರಸಿ ಹಾಕಿದರಾಯಿತಲ್ಲ ಎನ್ನುವವರ ಮಾತಿನಲ್ಲಿ ತೂಕವಿದೆ. ಗುಡಿಸಲಿಲ್ಲದ ತಮಿಳುನಾಡಿನ ಗುರಿಯಿಟ್ಟು 2024ರಲ್ಲಿ ಬಂದ ಕಲೈಞರ್ ಕನವು ಇಲ್ಲಂ ಯೋಜನೆಯಲ್ಲಿ ಮನೆಗೆ 3.5 ಲಕ್ಷ ರೂಪಾಯಿ ಕೊಡುವ ಸರ್ಕಾರ, 360 ಚದರ ಅಡಿಯಲ್ಲಿ 300 ಅಡಿಗೆ ಕಾಂಕ್ರೀಟ್ ಛಾವಣಿಯನ್ನೇ ಕೇಳುತ್ತದೆ. ನೆಲದಿಂದ ಹೊಸದಾಗಿ ಏಳುವ ಮನೆಗೆ ಅದು ಸರಿಯಾದ ತೀರ್ಮಾನ. ಆದರೆ ನೂರು ಮಿಲಿಮೀಟರಿನ ತಾರಸಿ ಒಂದು ಚದರ ಮೀಟರಿಗೆ 250 ಕಿಲೋ ಭಾರ, ಶೀಟು 4 ಕಿಲೋದ ಹತ್ತಿರ. ಮಣ್ಣು ಗಾರೆಯ ಹಳೆಯ ಗೋಡೆಗಳ ಮೇಲೆ, ಒಂದೇ ಅಂತಸ್ತಿಗೆಂದು ಹಾಕಿದ ಅಡಿಪಾಯದ ಮೇಲೆ ಮತ್ತೊಂದು ತಾರಸಿ ಏರಿಸುವುದು ಜೀವದ ಜತೆಗಿನ ಆಟ. ಅಂಥಲ್ಲಿ ಶೀಟೇ ಸರಿ. ಧರ್ಮಪುರಿಯಂಥ ಫ್ಲೋರೈಡ್ ಪೀಡಿತ ಜಿಲ್ಲೆಯಲ್ಲಿ ಇಳಿಜಾರಿನ ಶೀಟಿಗೆ ಇನ್ನೊಂದು ಬೆಲೆಯೂ ಇದೆ. ಹೊಗೇನಕಲ್ ಕುಡಿಯುವ ನೀರಿನ ಯೋಜನೆ ಬಂದ ಮೇಲೆಯೂ ಕೊಳವೆಬಾವಿಯ ನೀರನ್ನೇ ನಂಬಿದ ಮನೆಗಳಿಗೆ ಮಳೆನೀರು ಫ್ಲೋರೈಡ್ ಇಲ್ಲದ ನೀರು. ನೂರು ಚದರ ಮೀಟರ್ ಶೀಟಿನ ಮೇಲೆ 800 ಮಿಲಿಮೀಟರ್ ಮಳೆ ಬಿದ್ದರೆ ಅದು 80 ಸಾವಿರ ಲೀಟರ್. ಮೊದಲ ಮಳೆಯ ಕೊಳೆಯನ್ನು ಹೊರಗೆ ಬಿಟ್ಟು, ಸೋಸಿ ತುಂಬಿದರೆ ಅದರಲ್ಲಿ ಬಹುಪಾಲು ಕೈಗೆ ಸಿಗುತ್ತದೆ.

ಇದೆಲ್ಲ ಹಣವಿದ್ದವರ ಮಾತು ಎಂಬ ಆಕ್ಷೇಪ ನನಗೆ ಎಲ್ಲಕ್ಕಿಂತ ಹೆಚ್ಚು ಮುಖ್ಯ, ಏಕೆಂದರೆ ಶೀಟಿಗೆ ಬರುವವರಲ್ಲಿ ಹೆಚ್ಚಿನವರು ಸಾಲ ಮಾಡಿ ಬಂದವರು. ಹೇಳಿದ್ದರಲ್ಲಿ ಖರ್ಚಿಲ್ಲದ್ದನ್ನು ಮೊದಲು ಎತ್ತಿಕೊಳ್ಳಲಿ: ಬಿಳಿ ಅಥವಾ ತಿಳಿ ಬಣ್ಣ, ತೂಗಿ ನೋಡುವುದು, ಗ್ರೈಂಡರ್ ಬೇಡವೆನ್ನುವುದು, ರೌಟರನ್ನು ಕೆಳಗಿಳಿಸುವುದು, ವೈಫೈ ಕಾಲಿಂಗ್. ಆಮೇಲೆ ಕೆಲವೇ ನೂರು ರೂಪಾಯಿಯ ಪಿವಿಸಿ ಪೈಪು, ರಬ್ಬರ್ ವಾಷರ್ ಇರುವ ಒಳ್ಳೆಯ ಸ್ಕ್ರೂ. ದೊಡ್ಡ ಹಣ ಕೇಳುವುದು ಎಝೆಡ್ 150 ಲೇಪನ ಮತ್ತು ಕಾವಿನ ತಡೆ, ಎರಡು ಮಾತ್ರ. ಅದಕ್ಕೆ ಹಣ ಎಲ್ಲಿಂದ ಎಂದರೆ, 200 ಎಂಬಿಪಿಎಸ್ ಪ್ಲಾನಿನಿಂದ 50ಕ್ಕೆ ಇಳಿದು ತಿಂಗಳು ತಿಂಗಳು ಉಳಿಯುವ ಮೊತ್ತವನ್ನು ಮೂರ್ನಾಲ್ಕು ವರ್ಷಕ್ಕೆ ಗುಣಿಸಿ ನೋಡಲಿ. ಶೀಟಿನ ಲೇಪನಕ್ಕೆ ಕೊಡುವ ಹೆಚ್ಚಿನ ದರ ಒಮ್ಮೆ ಮಾತ್ರ, ಬೇಡದ ವೇಗಕ್ಕೆ ಕೊಡುವುದು ಪ್ರತಿ ತಿಂಗಳು.

ಹಳೆಯ ಕಲ್ನಾರ್ ಶೀಟು ತೆಗೆದು ಹೊಸದು ಹಾಕುವವರಿಗೆ ಒಂದು ಮಾತು ಕಡ್ಡಾಯವಾಗಿ ಹೇಳಬೇಕು. ಕಲ್ನಾರಿನ ಎಳೆ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಖಚಿತವಾಗಿ ಹೇಳಿದೆ, ಹಲವಾರು ದೇಶಗಳು ಅದನ್ನು ನಿಷೇಧಿಸಿವೆ, ನಮ್ಮಲ್ಲಿ ಇನ್ನೂ ಮಾರಾಟವಾಗುತ್ತದೆ. ಛಾವಣಿಯಲ್ಲಿ ಸುಮ್ಮನಿರುವಾಗ ಅದರ ಅಪಾಯ ಕಡಿಮೆ, ಒಡೆದಾಗ, ಕೊರೆದಾಗ, ಉಜ್ಜಿದಾಗ ಎಳೆ ಗಾಳಿಗೇಳುತ್ತದೆ. ಆದ್ದರಿಂದ ಕೇಬಲ್ ಹಾಯಿಸಲು ಅದಕ್ಕೆ ಡ್ರಿಲ್ ಹಾಕಿಸುವುದು ಎಂದಿಗೂ ಬೇಡ. ಇಳಿಸುವ ದಿನ ನೀರು ಚಿಮುಕಿಸಿ, ಬೋಲ್ಟ್ ಬಿಚ್ಚಿ, ಇಡಿಯಾಗಿ ಇಳಿಸಬೇಕು, ಮಕ್ಕಳನ್ನು ದೂರವಿಡಬೇಕು, ಚೂರುಗಳನ್ನು ಬಚ್ಚಲ ಹಾಸಿಗೋ ದಾರಿಯ ಗುಂಡಿಗೋ ಹಾಕಬಾರದು.

ಹೆಸರಾಂತ ಕಂಪನಿಗಳ ಶೀಟಿನ ಬೆನ್ನಿನಲ್ಲಿ ಕಂಪನಿ, ದಪ್ಪ, ಲೇಪನದ ಗುರುತುಗಳು ಅಚ್ಚಾಗಿರುತ್ತವೆ. ಮೇಲೇರಿ, ಕೆಳಗೆ ಸೀಲಿಂಗ್ ಬಂದ ಮೇಲೆ ಆ ಅಕ್ಷರಗಳು ಯಾರಿಗೂ ಕಾಣುವುದಿಲ್ಲ, ವಾರಂಟಿ ಕೇಳುವ ದಿನ ಬೇಕಾಗುವುದು ಮಾತ್ರ ಅವೇ. ಸಾಮಾನು ಇಳಿದ ದಿನವೇ ಅವುಗಳ ಫೋಟೊ ತೆಗೆದು, ಬಿಲ್ಲಿನಲ್ಲಿ ಉಕ್ಕಿನ ದಪ್ಪ, ಲೇಪನದ ಗ್ರಾಂ, ಐಎಸ್‌ಐ ಗುರುತು ಮೂರನ್ನೂ ಬರೆಸಿಕೊಳ್ಳಬೇಕು. ಅದೇ ಕಡತದಲ್ಲಿ ನೆಟ್ ಹಾಕಿದ ದಿನದ ಡಿಬಿಎಂ ಅಂಕಿ, ಗೋಡೆಯೊಳಗೆ ಪೈಪ್ ಹೋದ ದಾರಿಯ ಒಂದು ಫೋಟೊ ಇರಲಿ. ‘0.50 ಕಲರ್ ಶೀಟ್’ ಎಂದಷ್ಟೇ ಬರೆದ ಚೀಟಿ ಕೊಡುವ ಅಂಗಡಿಯಲ್ಲಿ ಮುಂಗಡ ಕೊಡುವ ಮುನ್ನ ಇನ್ನೊಂದು ಅಂಗಡಿಯ ದರ ಕೇಳಿ ಬರುವುದು ಒಳ್ಳೆಯದು.